ಪಡುಗಾಳಿಯ ಮೊದಲ ಸಾಲು

ಗದಗ-ಬೆಟಗೇರಿ
ಕ್ರಿ.ಶ. ೨೧೯೪, ಹದಿಮೂರನೆಯ ತಿಂಗಳಾದ ಉಳಿಕೆಯ ಐದನೆಯ ದಿನ

ನಿಮ್ಮೂರಿನ ಪಾರ್ಕಿನ ಬೇಲಿಗೆ ಮುಖ ಒತ್ತಿ, ಹೊಸ ರೋಲರ್ ಕೋಸ್ಟರ್ ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಿರುವ ನಿಮಗೆ, ಬೆಟಗೇರಿಯ ನೇಕಾರಳಾದ ಅಂಬುಜಾ ಕಬಾಡಿಯ ನಮಸ್ಕಾರಗಳು.

ಮೇಲಿನ ತಾರೀಖನ್ನು ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ. ಕೊನೆಯ ತಿಂಗಳನ್ನು ಉಳಿಕೆ ಎನ್ನುತ್ತೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕೆಲವು ಅರ್ಥವೇ ಆಗದಿರಬಹುದು. ಅಂಥ ಕಡೆ ಬಿಡಿಸಿ ಹೇಳುತ್ತಾ ಹೋಗುತ್ತೇನೆ, ಮನ್ನಿಸಬೇಕು. ನಮ್ಮ ಗ್ರಂಥಾಲಯದಲ್ಲಿ ಹಿಂದಿನ ಕಾಲದವರಿಗೆ ಬರೆದ ಪತ್ರಗಳನ್ನು ತೆಗೆದುಕೊಳ್ಳುವ ಕಿಟಕಿಯೊಂದಿದೆ. ಆ ಪತ್ರಗಳು ತಲುಪುತ್ತವೆಯೋ ಇಲ್ಲವೋ ಕಿಟಕಿಯ ಹಿಂದೆ ಕೂತವರಿಗೂ ಗೊತ್ತಿಲ್ಲ. ಮುದ್ರೆಯನ್ನಂತೂ ಶ್ರದ್ಧೆಯಿಂದ ಒತ್ತುತ್ತಾರೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಕಾಲದ ಚಿತ್ರಗಳನ್ನು ನಾವು ಹುಡುಕಿ ಹುಡುಕಿ ನೋಡುತ್ತೇವೆ. ಬಸ್ಸು ಹತ್ತಿದರೆ ಪಾರ್ಕು, ಪಾರ್ಕಿನೊಳಗೆ ಹೆಜ್ಜೆಗೊಂದು ರೈಡು, ಒಂದೇ ದಿನ ಒಂದೇ ರೈಡನ್ನು ಆರು ಸಲ ಹತ್ತಿ ಇಳಿಯುವವರು, ಸಾಲು ಉದ್ದವಾಯಿತೆಂದು ಗೊಣಗುವವರು. ನಮಗೆ ಹಾಗಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ನೆರಳಾಟ ಬಂತು. ನೆರಳಾಟವೆಂದರೆ ತಲೆಗೆ ಹಾಕಿಕೊಳ್ಳುವ ಮೆತ್ತನೆಯ ಕುಲಾವಿ. ಮನೆಯ ಕಟ್ಟೆಯ ಮೇಲೆ ಕೂತವರಿಗೆ ಬೀಳುವ, ಹಾರುವ, ತಿರುಗುವ ಭ್ರಮೆಯನ್ನೆಲ್ಲ ಅದು ಕೊಡುತ್ತದೆ. ಜನ ಅದಕ್ಕೇ ತೃಪ್ತರಾದರು. ಪಾರ್ಕುಗಳು ಒಂದೊಂದಾಗಿ ಬಾಗಿಲು ಹಾಕಿದವು, ಹಳಿಗಳ ಕಬ್ಬಿಣ ಕರಗಿ ವಿದ್ಯುತ್ತು ತೆಗೆಯುವ ಗಾಳಿಗಂಬಗಳಾಯಿತು. ನಿಜವಾದ ಏರಿಳಿಗಳು, ನೀವು ರೋಲರ್ ಕೋಸ್ಟರ್ ಎನ್ನುವುದನ್ನು ನಾವು ಏರಿಳಿ ಎನ್ನುತ್ತೇವೆ, ಇಡೀ ದಕ್ಷಿಣದಲ್ಲಿ ಮೂರೇ ಉಳಿದಿದ್ದವು. ಆ ಮೂರನ್ನೂ ನಾನು ಒಂದೊಂದು ಸಲ ಹತ್ತಿದ್ದೇನೆ. ಹೋಗಿಬರಲು ರಜೆ ಕೂಡಿಡುವುದಕ್ಕೇ ಪ್ರತಿ ಸಲವೂ ಎರಡೆರಡು ವರ್ಷ ಬೇಕಾಯಿತು.

ಹೀಗಿರುವಾಗ ನಮ್ಮೂರಿನ ಗಾಳಿಗುಡ್ಡ ಪಾರ್ಕಿನಲ್ಲಿ ಹೊಸದೊಂದು ಏರಿಳಿ ಕಟ್ಟುತ್ತಾರೆಂಬ ಸುದ್ದಿ ಬಂದಾಗ ನಮಗೆ ಏನಾಗಿರಬೇಕು, ನೀವೇ ಊಹಿಸಿ. ನಾವು ಎಂದರೆ ಏರಿಳಿ ಬಳಗದ ಮೂವತ್ತೊಂದು ಮಂದಿ. ಬಳಗ ಕಟ್ಟಿದವರಲ್ಲಿ ನಾನೂ ಒಬ್ಬಳು. ಹದಿನಾಲ್ಕು ವರ್ಷದಿಂದ ಇದ್ದೇನೆ. ಹೊಸ ಏರಿಳಿಯ ಹೆಸರು ಪಡುಗಾಳಿ. ಪಡುವಣದಿಂದ ಬೀಸುವ ಗಾಳಿಯೇ ಬಂಡಿಯನ್ನು ಎಪ್ಪತ್ತನಾಲ್ಕು ಮೀಟರ್ ಎತ್ತರಕ್ಕೆ ಎಳೆದೊಯ್ಯುತ್ತದೆ. ಗಾಳಿ ಬಿದ್ದ ದಿನ ಬಂಡಿ ನಿಲ್ದಾಣದಲ್ಲೇ ನಿಂತಿರುತ್ತದೆ. ಇಂಥದ್ದನ್ನು ಯಾರೂ ಕಟ್ಟಿರಲಿಲ್ಲ.

ಎರಡೂವರೆ ವರ್ಷ ಪ್ರತಿ ಆದಿತ್ಯವಾರ ನಾವು ಬೇಲಿಗೆ ಹೋದೆವು. ಬೆಳಗಿನ ಬಿಸಿಲು ಏರುವ ಮೊದಲೇ ತೂಗುಬಂಡಿ ಹಿಡಿಯಬೇಕು. ಬೆಟಗೇರಿಯಿಂದ ಪಾರ್ಕಿನವರೆಗೆ ತಂತಿಯ ಮೇಲೆ ಜೋತು ಹೋಗುವ ಗಾಡಿ ಅದು. ಕೆಳಗೆ ನಮ್ಮ ಬೀದಿಗಳೆಲ್ಲ ಬಟ್ಟೆಯ ಮಾಡಿನಡಿ ಮುಚ್ಚಿಕೊಂಡಿರುತ್ತವೆ. ಆ ಮಾಡುಬಟ್ಟೆಯನ್ನು ನೇಯುವುದು ನಮ್ಮ ಓಣಿಯವರೇ. ಒಂಬತ್ತು ಗಂಟೆಯ ಮೇಲೆ ಮಾಡಿನಡಿ ಬಿಟ್ಟು ಹೊರಗೆ ನಡೆಯುವವರು ಯಾರೂ ಇಲ್ಲ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬೇಲಿಯ ಬಳಿ ಕೂತು ಕಂಬ ಎಷ್ಟು ಏರಿತು, ಹಳಿ ಎಷ್ಟು ಬಾಗಿತು ಎಂದು ಬರೆದುಕೊಳ್ಳುತ್ತಿದ್ದೆವು. ಬಂಡಿ ಇಳಿಯುವಾಗ ಮೈ ಸೀಟಿನಿಂದ ಮೇಲೆದ್ದು ತೂಕವೇ ಇಲ್ಲವಾಗುವ ಕ್ಷಣವಿದೆಯಲ್ಲ, ಅದನ್ನು ನಾವು ತೇಲುಗಳಿಗೆ ಎನ್ನುತ್ತೇವೆ. ಪಡುಗಾಳಿಯಲ್ಲಿ ಅಂಥವು ಎಷ್ಟು ಎಂಬುದರ ಮೇಲೆ ವಾರಗಟ್ಟಲೆ ವಾದ ನಡೆಯಿತು. ನನ್ನ ಎಣಿಕೆಯಲ್ಲಿ ಹನ್ನೊಂದು.

ನನಗೆ ಇನ್ನೂ ಒಂದು ಹೆಮ್ಮೆಯಿತ್ತು. ಕೂತವರನ್ನು ಸೀಟಿಗೆ ಬಿಗಿಯುವ ಪಟ್ಟಿಗಳನ್ನು ಪಾರ್ಕಿನವರು ನಮ್ಮ ಮಗ್ಗಗಳಿಗೆ ಒಪ್ಪಿಸಿದ್ದರು. ಮೊದಲ ಸಾಲಿನ ಎರಡು ಪಟ್ಟಿಗಳನ್ನು ನಾನೇ ಕೇಳಿ ಪಡೆದು ನೇಯ್ದೆ. ಮೊದಲ ಸಾಲಿನಲ್ಲಿ ಕೂರುವವಳು ನಾನೇ ಎಂದು ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು.

ಇನ್ನು ಇಂದುಮತಿ ಮುಳಗುಂದಳ ವಿಚಾರ. ನನ್ನ ಮನೆಯಿಂದ ನಾಲ್ಕನೆಯ ಮನೆ ಅವಳದು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ತೂಗುಬಂಡಿ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ. ಯಂತ್ರದ ದನಿ ಜನಕ್ಕೆ ಸಾಕಾಗಿ ಈಗ ಮತ್ತೆ ಮನುಷ್ಯರನ್ನೇ ಕೂರಿಸಿದ್ದಾರೆ, ಅವಳ ದನಿಯಂತೂ ಊರಿಗೇ ಪರಿಚಿತ. ಎರಡು ವರ್ಷದ ಹಿಂದೆ ಒಂದು ಆದಿತ್ಯವಾರ ನಾನೇ ಅವಳನ್ನು ಬೇಲಿಗೆ ಕರೆದೊಯ್ದೆ. ಅವಳಿಗೆ ಏರಿಳಿಯ ಗಂಧಗಾಳಿಯೂ ಇರಲಿಲ್ಲ. ತೇಲುಗಳಿಗೆ ಎಂದರೇನು, ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಏನು ವ್ಯತ್ಯಾಸ, ಬಾಗಿದ ಹಳಿಯಲ್ಲಿ ಬಂಡಿ ಯಾಕೆ ವಾಲುತ್ತದೆ, ಎಲ್ಲವನ್ನೂ ನಾನು ಕಲಿಸಿದೆ. ಆರೇ ತಿಂಗಳಲ್ಲಿ ಅವಳು ನಿಂತಲ್ಲಿ ಜನ ಸೇರತೊಡಗಿದರು. ನೀರು ತುಂಬಿದ ಬೊಂಬೆಗಳನ್ನು ಕೂರಿಸಿ ಬಂಡಿಯನ್ನು ಮೊದಲ ಸಲ ಓಡಿಸಿ ನೋಡಿದ ದಿನ, ನಾನು ಮೌನವಾಗಿ ಲೆಕ್ಕ ಬರೆದುಕೊಳ್ಳುತ್ತಿದ್ದರೆ, ಅವಳು ತನ್ನ ನಿಲ್ದಾಣದ ದನಿಯಲ್ಲಿ ಬಂಡಿಯ ಪ್ರತಿ ತಿರುವನ್ನೂ ಹೇಳುತ್ತಾ ಹೋದಳು. ಬೇಲಿಯ ಈಚೆ ನಿಂತವರಿಗೆಲ್ಲ ತಾವೇ ಬಂಡಿಯಲ್ಲಿ ಕೂತಂತಾಯಿತು. ಅವಳು ಆಡಿದ ಮಾತುಗಳೆಲ್ಲ ನಾನು ಕಲಿಸಿದವು. ಚಪ್ಪಾಳೆ ಅವಳಿಗೆ ಬಿತ್ತು. ನಾನೂ ತಟ್ಟಿದೆ.

ಮುಂಗಾರಿನ ಶುರುವಿನಲ್ಲಿ ಪಾರ್ಕಿನಿಂದ ಓಲೆ ಬಂತು. ಜನ ಹತ್ತುವ ಮೊದಲ ಓಟದಲ್ಲಿ, ಮೊದಲ ಸಾಲಿನ ಒಂದು ಸೀಟು ಏರಿಳಿಯನ್ನು ಕಟ್ಟಿದ ಎಂಜಿನಿಯರಿಗೆ, ಇನ್ನೊಂದು ನಮ್ಮ ಬಳಗಕ್ಕೆ. ಬಳಗದವರು ಯಾರೆಂದು ನಾವೇ ಆರಿಸಿ ಹೇಳಬೇಕು. ಸಭೆ ಸೇರಿತು. ನನ್ನ ಹೆಸರು ಬಂತು, ಇಂದುವಿನ ಹೆಸರೂ ಬಂತು. ಕೈ ಎತ್ತಿಸಿದರು. ನನಗೆ ಹನ್ನೆರಡು, ಅವಳಿಗೆ ಹದಿನೆಂಟು. ಆ ಹನ್ನೆರಡರಲ್ಲಿ ಒಂದು ಇಂದುವಿನದೇ ಕೈ. ನಾನು ಅವಳಿಗೆ ಕೈ ಎತ್ತಲಿಲ್ಲ, ನನಗೂ ಎತ್ತಲಿಲ್ಲ; ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದೆ. ಸಭೆ ಮುಗಿದ ಮೇಲೆ ಅವಳು ಬಂದು ತಬ್ಬಿಕೊಂಡಳು. ನಾನು ಬೆನ್ನು ಸವರಿ, ಭೇಷಾತು ಎಂದೆ. ಆಮೇಲೆ ಮನೆಗೆ ಬಂದು ಮಗ್ಗಕ್ಕೆ ಕೂತರೆ ಎಳೆಗಳು ಒಂದೇ ಸಮ ಕಡಿದುಹೋಗತೊಡಗಿದವು.

ಹೊಟ್ಟೆಕಿಚ್ಚು ಎಂದರೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಎಂಥ ಚುರುಕಾದ ಕೆಲಸಗಾರ ಎಂಬುದು ನನಗೆ ಆಗ ಗೊತ್ತಾಯಿತು. ಉಣ್ಣುವಾಗ, ನೂಲು ಸುತ್ತುವಾಗ ಅದು ತನ್ನ ಪಾಡಿಗೆ ದುಡಿಯುತ್ತಿತ್ತು. ನಿಲ್ದಾಣದಲ್ಲಿ ಇಂದುವಿನ ಪ್ರಕಟಣೆ ಕೇಳಬಾರದೆಂದು ನಾನು ನಡೆದುಕೊಂಡೇ ಪೇಟೆಗೆ ಹೋಗತೊಡಗಿದೆ. ನಾಲ್ಕನೆಯ ದಿನ ಅದು ನನಗೊಂದು ಹಳೆಯ ಸಂಗತಿಯನ್ನು ಹುಡುಕಿ ತಂದುಕೊಟ್ಟಿತು.

ಹಿಂದಿನ ಬೇಸಗೆಯಲ್ಲಿ ಒಮ್ಮೆ ಇಂದು ಬೇಲಿಯ ಬಳಿಯೇ ಎಚ್ಚರ ತಪ್ಪಿ ಬಿದ್ದಿದ್ದಳು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ, ನಾನೊಬ್ಬಳೇ ಇದ್ದೆ. ನೀರು ಚಿಮುಕಿಸಿ ಎಬ್ಬಿಸಿ ಡಾಕ್ಟರ ಬಳಿ ಕರೆದೊಯ್ದೆ. ಹಿಂದಿನ ದಿನ ಎರಡು ಪಾಳಿ ದುಡಿದು ಏನೂ ತಿನ್ನದೆ ಬಂದಿದ್ದಳು, ಅಷ್ಟೇ. ಎದೆ ಗಟ್ಟಿಯಾಗಿದೆ, ಯಾವ ದೋಷವೂ ಇಲ್ಲ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದರು. ಬಳಗದವರು ಸುಮ್ಮನೆ ಗಾಬರಿಯಾಗುತ್ತಾರೆ, ಯಾರಿಗೂ ಹೇಳಬೇಡ ಎಂದು ಇಂದು ಕೇಳಿಕೊಂಡಿದ್ದಳು. ನಾನೂ ಹೇಳಿರಲಿಲ್ಲ.

ನಮ್ಮಲ್ಲಿ ಏರಿಳಿ ಹತ್ತಬೇಕಾದರೆ ಎದೆಚೀಟಿ ಬೇಕು. ಮೈ ಗಟ್ಟಿಯಿದೆ ಎಂದು ತೋರಿಸುವ ಚೀಟಿ. ಎಚ್ಚರ ತಪ್ಪಿದವರೆಂದು ಯಾರಾದರೂ ತಿಳಿಸಿದರೆ ಚೀಟಿಯನ್ನು ತೊಂಬತ್ತು ದಿನ ತಡೆಹಿಡಿದು ಹೊಸದಾಗಿ ಪರೀಕ್ಷೆ ಮಾಡುತ್ತಾರೆ. ಮೊದಲ ಓಟಕ್ಕೆ ಉಳಿದಿದ್ದುದು ಹನ್ನೆರಡು ದಿನ.

ನಾನು ಪಟ್ಟಿಗಳ ಹೊಲಿಗೆ ನೋಡುವ ನೆಪ ಮಾಡಿಕೊಂಡು ಪಾರ್ಕಿಗೆ ಹೋದೆ. ಅಲ್ಲಿಯ ಮೇಲ್ವಿಚಾರಕರು ಶರಣಯ್ಯ ಹೊಂಬಳ ಎಂಬವರು. ಸಜ್ಜನರು. ಪಡುಗಾಳಿಯನ್ನು ಹೊತ್ತು ಹೆತ್ತಂತೆ ನೋಡಿಕೊಂಡವರು. ಚಹಾ ತರಿಸಿದರು. ಹೊಲಿಗೆಯ ಮಾತು ಮುಗಿದ ಮೇಲೆ ನಾನು, ಏಳಲು ಹೊರಟವಳು ಮತ್ತೆ ಕೂತಂತೆ ಮಾಡಿ, ಹೇಳಿದೆ.

"ಇಂದುಮತಿ ಒಮ್ಮೆ ಬೇಲಿ ಹಂತ್ಯಾಕ ಎಚ್ಚರ ತಪ್ಪಿ ಬಿದ್ದಿದ್ಲರಿ. ನನಗ್ಯಾಕೋ ಅಂಜಿಕಿ ಬರಾಕತ್ತೇತಿ."

ಅವರ ಮುಖ ಗಂಭೀರವಾಯಿತು. "ಡಾಕ್ಟರಿಗೆ ತೋರಿಸಿದ್ರೇನ್ರಿ?" ಎಂದು ಕೇಳಿದರು.

"ಅದು ನನಗ ಗೊತ್ತಿಲ್ರಿ" ಎಂದೆ.

ನಾನು ಮಾಡಿದ್ದು ಇಷ್ಟೇ. ಎರಡು ಮಾತು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಮೊದಲನೆಯದರ ಆಸರೆಯಲ್ಲಿ ಎರಡನೆಯದನ್ನು ನನ್ನಿಂದಲೇ ಮರೆಮಾಚಿಕೊಂಡೆ. ಅವಳ ಜೀವದ ಕಾಳಜಿಯಿಂದ ಹೇಳಿದ್ದು ಎಂದು ತೂಗುಬಂಡಿಯಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನನ್ನು ನಾನೇ ನಂಬಿಸಿಯೂ ಆಗಿತ್ತು.

ಎರಡು ದಿನದ ಮೇಲೆ ಇಂದುವಿನ ಚೀಟಿ ತಡೆಹಿಡಿದ ಸುದ್ದಿ ಬಂತು. ಕಾರಣ ತಿಳಿಸಿದವರ ಹೆಸರು ಹೇಳುವ ಪದ್ಧತಿಯಿಲ್ಲ. ಡಾಕ್ಟರ ಪತ್ರ ಹಿಡಿದು ಓಡಾಡಿದಳು. ನಿಯಮ ನಿಯಮವೇ, ತೊಂಬತ್ತು ದಿನ ಕಾಯಲೇಬೇಕು ಎಂದರು. ಡಾಕ್ಟರ ಕಚೇರಿಯಿಂದಲೇ ಏನೋ ಸುದ್ದಿ ಹೋಗಿರಬೇಕೆಂದು ಅವಳು ತಿಳಿದುಕೊಂಡಳು. ನನ್ನ ಮನೆಗೆ ಬಂದು ಮಗ್ಗದ ಪಕ್ಕದಲ್ಲಿ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ನೀನರ ಕುಂದರ್ತೀಯಲ್ಲ ಅಂಬಕ್ಕ, ನನಗ ಅಷ್ಟ ಸಾಕು" ಎಂದಳು. ಎರಡನೆಯ ಸ್ಥಾನದಲ್ಲಿದ್ದ ನನಗೆ ಸೀಟು ಬಂದಿತ್ತು. ಅವಳ ಒಳ್ಳೆಯತನದ ಮೇಲೂ ನನಗೆ ಆಗ ಅಸೂಯೆಯೇ ಆಯಿತು. ಸೋತಾಗಲೂ ಇವಳೇ ಮೇಲಾದಳಲ್ಲ ಎಂದುಕೊಂಡೆ.

ಆಷಾಢದ ಆ ಬೆಳಿಗ್ಗೆ ಗಾಳಿ ಭರ್ಜರಿಯಾಗಿತ್ತು. ನನಗೆ ನಲವತ್ತಾರು ವರ್ಷ. ಸೀಟಿನಲ್ಲಿ ಕೂತು ನಾನೇ ನೇಯ್ದ ಪಟ್ಟಿಯನ್ನು ಎದೆಗೆ ಬಿಗಿದುಕೊಂಡಾಗ ಹತ್ತು ವರ್ಷದವಳ ಹಾಗೆ ಮೊಣಕಾಲು ಕುಣಿಯುತ್ತಿತ್ತು. ಬಂಡಿ ಸದ್ದಿಲ್ಲದೆ ಏರಿತು. ನಮ್ಮ ಬೀದಿಗಳ ಮಾಡುಬಟ್ಟೆ ಬಣ್ಣಬಣ್ಣದ ತೇಪೆಯ ಕೌದಿಯಂತೆ ಕೆಳಗೆ ಹರಡಿತ್ತು, ಆಚೆಗೆ ಗಾಳಿಗಂಬಗಳು, ಅದರಾಚೆ ಕಪ್ಪತಗುಡ್ಡದ ನೀಲಿ. ತುದಿಯಲ್ಲಿ ಬಂಡಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ನೆಲ ನಮ್ಮ ಮೇಲೇ ಬಂತು.

ಇದನ್ನು ಓದುತ್ತಾ, ಪಾಪಪ್ರಜ್ಞೆಯಿಂದ ನನಗೆ ಆ ಓಟ ಸಪ್ಪೆಯಾಯಿತು ಎಂದು ಬರೆಯುತ್ತೇನೆಂದು ನೀವು ಎಣಿಸಿದ್ದರೆ, ಇಲ್ಲ. ಅದು ಅದ್ಭುತವಾಗಿತ್ತು. ನಾನು ಎರಡೂವರೆ ವರ್ಷ ಕಲ್ಪಿಸಿಕೊಂಡಿದ್ದಕ್ಕಿಂತಲೂ ಚೆನ್ನಾಗಿತ್ತು. ತೇಲುಗಳಿಗೆ ಹನ್ನೊಂದಲ್ಲ, ಹದಿಮೂರು. ಏಳನೆಯದರಲ್ಲಿ ನಾನು ನಕ್ಕೆ, ಒಂಬತ್ತನೆಯದರಲ್ಲಿ ಅತ್ತೆ. ಒಂದೂವರೆ ನಿಮಿಷ ಇಂದುವಿನ ನೆನಪು ನನಗೆ ಬರಲೇ ಇಲ್ಲ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ, ಆದರೆ ಆ ಒಂದೂವರೆ ನಿಮಿಷವನ್ನು ಮರಳಿ ಕೊಡೆಂದರೆ ಕೊಡುತ್ತೇನೆಂದು ಹೇಳುವ ಧೈರ್ಯವೂ ನನಗಿಲ್ಲ.

ಇಳಿಯುವ ದಾರಿಯಲ್ಲಿ ಇಂದು ನಿಂತಿದ್ದಳು. ಎರಡೂ ಕೈ ಚಾಚಿ ನನ್ನ ಭುಜ ಹಿಡಿದುಕೊಂಡಳು. ಎಲ್ಲವನ್ನೂ ಹೇಳು, ಮೊದಲ ಇಳಿತದಿಂದ ಶುರು ಮಾಡು ಎಂದು ದುಂಬಾಲು ಬಿದ್ದಳು. ಅಂಥದ್ದೇನೂ ಇಲ್ಲ, ನೆರಳಾಟದ ಹಾಗೇ ಇದೆ ಎಂದುಬಿಟ್ಟೆ. ಅವಳಿಗೆ ಸಮಾಧಾನವಾಗಲಿ ಎಂದು ಹಾಗೆ ಹೇಳಿದೆನೋ, ಕಂಡದ್ದನ್ನು ಹಂಚಿಕೊಳ್ಳಲು ಆಗಲೂ ಮನಸ್ಸಾಗಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ನನ್ನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಒಣಗಿರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಶರಣಯ್ಯನವರು ಬಂದರು. ಸಂತೋಷದಲ್ಲಿದ್ದರು, ಎಲ್ಲರ ಬಗೆಗೂ ಒಳ್ಳೆಯ ಮಾತಾಡುತ್ತಿದ್ದರು. ಇಂದುವಿನ ಕಡೆ ತಿರುಗಿ, ಬೇಸರ ಮಾಡಿಕೊಳ್ಳಬೇಡವೆಂದು ಹೇಳಿ, "ನಿಮ್ಮ ಜೀವದ ಕಾಳಜಿ ಇದ್ದದ್ದಕ್ಕ ಅಂಬುಜಕ್ಕಾರು ಬಂದು ಹೇಳಿದ್ರವಾ. ಇಂಥಾ ಗೆಳತಿ ಸಿಗೂದು ಕಷ್ಟ" ಎಂದರು. ನಿಜವಾಗಿಯೂ ಮೆಚ್ಚಿ ಆಡಿದ ಮಾತು.

ಅವರು ಹೋಗುವವರೆಗೂ ಇಂದು ನಗುಮುಖದಲ್ಲೇ ನಿಂತಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು.

"ಡಾಕ್ಟರ ಮುಂದ ನನ್ನ ಕೈ ಹಿಡ್ಕೊಂಡು ಕುಂತಾಕಿ ನೀನ ಅಲ್ಲೇನ ಅಂಬಕ್ಕ? ಅವರು ಏನಂದ್ರು ಅನ್ನೂದನ್ನೂ ಹೇಳೀಯೇನ?"

ಇಲ್ಲ ಎಂದೆ. ಅವಳು ನನ್ನ ಭುಜದ ಮೇಲಿದ್ದ ಕೈಗಳನ್ನು ತೆಗೆದು, ತೂಗುಬಂಡಿಯ ಕಡೆ ನಡೆದುಹೋದಳು.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಯಾರೂ ಬಯ್ಯಲಿಲ್ಲ. ಒಬ್ಬರ ಹಿಂದೊಬ್ಬರು ಎದ್ದು ಹೊರಗೆ ಹೋದರು. ಒಂದು ವರ್ಷ ಬಳಗದ ಯಾವ ಕೆಲಸಕ್ಕೂ ಬರಕೂಡದೆಂದು ಮರುದಿನ ಚೀಟಿ ಬಂತು. ನ್ಯಾಯವೇ. ಶರಣಯ್ಯನವರಿಗೂ ಹೋಗಿ ಸತ್ಯ ಹೇಳಿದೆ. ತಡೆಯನ್ನು ಅವರೂ ಬೇಗ ತೆಗೆಸಲಾರದೆ ಹೋದರು.

ಇಂದುವಿನ ಮನೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಬಾಗಿಲು ತೆರೆದು ಒಳಗೆ ಬಾ ಎಂದಳು, ನೀರು ಕೊಟ್ಟಳು. ನಾನು ಕ್ಷಮೆ ಕೇಳಿದೆ. ಆ ಸೀಟಿನ ಮೇಲೆ ನನಗೆಷ್ಟು ಆಸೆಯಿತ್ತೆಂದು, ಸಭೆಯ ದಿನ ಏನಾಯಿತೆಂದು, ಮುಚ್ಚುಮರೆಯಿಲ್ಲದೆ ಹೇಳಿಕೊಂಡೆ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ನೀನು ಬಿಟ್ಟುಕೊಡುತ್ತಿದ್ದೆಯೇನೋ ಎಂದೂ ಅಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕೇಳಿದ್ರ ನಾ ಕೊಡ್ತಿದ್ದಿಲ್ಲ. ನನಗೂ ಅದು ಬೇಕಿತ್ತು. ನೀ ಸಿಟ್ಟಾಗ್ತಿದ್ದಿ, ಇಬ್ರೂ ಜಗಳಾಡ್ತಿದ್ವಿ, ಒಂದ್ ನಾಕ್ ದಿನ ಮಾತ ಬಿಡ್ತಿದ್ವಿ. ಜಗಳಾ ಆಡಾಕರ ನನಗೊಬ್ಬಾಕಿ ಅಕ್ಕ ಉಳೀತಿದ್ಲು."

ಲೋಟ ಕೆಳಗಿಟ್ಟು ಬಂದೆ.

ತೊಂಬತ್ತೊಂದನೆಯ ದಿನ ಇಂದುಮತಿ ಪಡುಗಾಳಿಯನ್ನು ಹತ್ತಿದಳು. ಎಲ್ಲರಂತೆ ಸಾಲಿನಲ್ಲಿ ನಿಂತು ಕೊನೆಯ ಸಾಲಿನ ಸೀಟು ಹಿಡಿದಳು. ನಾನು ಬಳಗದವರಿಂದ ದೂರ, ಸಾರ್ವಜನಿಕರ ಕಟ್ಟೆಯ ಬಳಿ ನಿಂತು ನೋಡಿದೆ. ಬಂಡಿ ಬಂದು ನಿಂತ ಮೇಲೆ ಅವಳು ಸ್ವಲ್ಪ ಹೊತ್ತು ಏಳಲೇ ಇಲ್ಲ. ಎದ್ದು ಬಂದಾಗ ಬಳಗದವರೆಲ್ಲ ಮುತ್ತಿಕೊಂಡರು. ಅವಳು ಹೇಳತೊಡಗಿದಳು. ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಅವಳ ಕೈಯೊಂದು ಮೆಲ್ಲಗೆ ಮೇಲೇರಿ, ತುದಿಯಲ್ಲಿ ನಿಂತು, ಒಮ್ಮೆಲೆ ಕೆಳಗೆ ಬೀಳುವುದು ಮಾತ್ರ ಜನರ ತಲೆಗಳ ಮೇಲೆ ಕಾಣುತ್ತಿತ್ತು. ಪ್ರತಿ ಸಲ ಆ ಕೈ ಬಿದ್ದಾಗ ಕೇಳುವವರು ನಗುತ್ತಿದ್ದರು. ಕೊನೆಯ ಸಾಲಿನಲ್ಲಿ ತೇಲುವುದು ಹೆಚ್ಚು ಎನ್ನುತ್ತಾರೆ. ನಾನು ಆ ಸಾಲಿನಲ್ಲಿ ಕೂತಿಲ್ಲ. ಆದರೆ ಆ ದಿನ ನನಗೆ ಹೊಟ್ಟೆ ಉರಿದದ್ದು ಆ ಸೀಟಿಗಾಗಿ ಅಲ್ಲ, ಅವಳ ಸುತ್ತ ನಿಂತು ಕೇಳುತ್ತಿದ್ದ ಆ ಇಪ್ಪತ್ತು ಇಪ್ಪತ್ತೈದು ಮಂದಿಯ ಮೇಲೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ಬೇಲಿಯ ಬಳಿ ನಿಮ್ಮ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ, ನಾಳೆ ನಿಮಗಿಂತ ಮೊದಲು ಅವರಿಗೆ ಸೀಟು ಸಿಕ್ಕರೆ, ಬೆನ್ನು ಸವರಿ ಭೇಷಾಯಿತು ಎನ್ನಬೇಡಿ. ನನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ಅವರ ಮುಖದೆದುರಿಗೇ ಹೇಳಿ. ಕೂಗಾಡಿ, ಮಾತು ಬಿಡಿ, ಅವರೂ ನಿಮ್ಮನ್ನು ನಾಲ್ಕು ಮಾತು ಅನ್ನಲಿ. ಆಮೇಲೆ ಅವರು ಇಳಿದು ಬರುವ ದಾರಿಯಲ್ಲಿ ಹೋಗಿ ನಿಂತುಕೊಳ್ಳಿ, ಅವರು ಹೇಳುವುದೆಲ್ಲವನ್ನೂ ಕೇಳಿಸಿಕೊಳ್ಳಿ.

ನಿಮ್ಮ ಏರಿಳಿ ಬೇಗ ತೆರೆಯಲಿ. ಎತ್ತರ ಎಷ್ಟು, ತೇಲುಗಳಿಗೆ ಎಷ್ಟು ಎಂದು ತಿಳಿಯುವ ಆಸೆ ನನಗಿದೆ, ತಿಳಿಸಲು ನಿಮಗೆ ದಾರಿಯಿಲ್ಲ. ಬಿಸಿಲು ಏರುತ್ತಿದೆ, ಗ್ರಂಥಾಲಯದ ಕಿಟಕಿ ಒಂಬತ್ತಕ್ಕೆ ಮುಚ್ಚುತ್ತದೆ. ಹೋಗಿಬರುತ್ತೇನೆ.

ನಿಮ್ಮ,
ಅಂಬುಜಾ ಕಬಾಡಿ